ಎಂಟು ದಿನದ ಗೈರುಹಾಜರಿ

ಬೈರಾಪಟ್ಟಣ
9-3-2007

ಮ್ಯಾನೇಜರ್ ಅನಂತರಾಜು ಅವರಿಗೆ,

ಎಂಟು ದಿನ ಗೈರುಹಾಜರಾದೆನೆಂದು ನನ್ನನ್ನು ಕೆಲಸದಿಂದ ತೆಗೆದ ನಿಮ್ಮ ನೋಟೀಸು ತಲುಪಿತು. ಆ ಎಂಟು ದಿನವೂ ನಾನು ನೂಲು ತೆಗೆದಿದ್ದೇನೆ. ಸಂಜೆ ತೂಗಿಸಿಕೊಂಡವರು ನೀವೇ. ನಿಮ್ಮ ಹೊಸ ಹಾಜರಿ ಯಂತ್ರ ನನ್ನ ಬೆರಳನ್ನು ಗುರುತಿಸಲಿಲ್ಲ, ಅಷ್ಟೇ. ಇಪ್ಪತ್ತೊಂಬತ್ತು ವರ್ಷ ಸುಡುವ ನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳಲ್ಲಿ ಗೆರೆ ಉಳಿಯುವುದಿಲ್ಲ. ಹೇಳಲು ಬಂದರೆ, "ಬೆರಳೇ ಸವೆದೋಗವೆ, ಇನ್ನೂ ಯಾಕಮ್ಮ ದುಡೀತೀಯ? ಮೊಮ್ಮಕ್ಕಳ್ನ ಆಡಿಸ್ಕೊಂಡಿರೋಗು" ಎಂದು ನಕ್ಕಿರಿ. ನನಗೆ ಐವತ್ತಮೂರು. ಮೊಮ್ಮಕ್ಕಳಿಲ್ಲ.

ಸೋಮವಾರ ಏಳಕ್ಕೆ ಕೆಲಸಕ್ಕೆ ಬರುತ್ತೇನೆ. ಹಳೆಯ ಹಾಜರಿ ಪುಸ್ತಕ ಹೊರಗೆ ತೆಗೆದಿಡಿ. ತಡೆಯುವುದಾದರೆ ಗೇಟಿಗೆ ನೀವೇ ಬನ್ನಿ. ಕಾವಲಿನ ಮರಿಯಪ್ಪನಿಗೆ ಹೇಳಬೇಡಿ. ಅವನಿಗೂ ಐವತ್ತಾರು ತುಂಬಿತು, ನಾಳೆ ನಿಮ್ಮ ಇದೇ ಮಾತು ಅವನಿಗೂ ಕಾದಿದೆ.

ಇನ್ನೂ ನಿಮ್ಮ ಕೆಲಸದವಳೇ ಆಗಿರುವ,
ಯಶೋಧಾ
ನೂಲು ಬಿಚ್ಚುವ ವಿಭಾಗ