ತೆಗೆದುಹಾಕಿದ ಬರಹ

ಮಾರ್ಚ್ ೯, ಸೋಮವಾರ

ಅಕ್ಕನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಆನ್‌ಲೈನ್ ಚರ್ಚಾ ಗುಂಪಿನಲ್ಲಿ ಹೋದ ವಾರ ದಯಾಮರಣದ ಕಾನೂನಿನ ಬಗ್ಗೆ ಜಗಳ ಜೋರಾಗಿತ್ತು. ನಿಯಮ ಕಾಯುವವನು ನಾನು. 'ಕಿಟಕಿ' ಎಂಬ ಅಡ್ಡಹೆಸರಿನವರೊಬ್ಬರು ಬರೆದಿದ್ದರು: ಅಮ್ಮ ಮೂರು ದಿನ ಬೇಡಿಕೊಂಡಳು, ನಾಲ್ಕನೆಯ ದಿನ ಮನೆಯಲ್ಲಿ ಹಾಕಿದ್ದ ಮಾಸ್ಕಿನ ಉಸಿರಾಟದ ಯಂತ್ರವನ್ನು ನಾನೇ ನಿಲ್ಲಿಸಿದೆ. ಸ್ವಂತ ಕಥೆಗಳನ್ನು ವಾದಕ್ಕೆ ತರಬಾರದೆಂಬ ನಿಯಮ ಮಾಡಿದವನೂ ನಾನೇ. 'ಅನುಕಂಪ ಗಿಟ್ಟಿಸುವ ಕಟ್ಟುಕಥೆಗಳಿಗೆ ಇಲ್ಲಿ ಜಾಗವಿಲ್ಲ' ಎಂದು ಬರೆದು ಆ ಬರಹವನ್ನು ತೆಗೆದುಹಾಕಿದೆ. ಇಪ್ಪತ್ತು ಮಂದಿ ಮೆಚ್ಚಿದರು.

ಇವತ್ತು ಮಧ್ಯಾಹ್ನ ಹೊಲಿಯಲು ಕೊಟ್ಟಿದ್ದ ಪ್ಯಾಂಟು ತರಲು ಅಕ್ಕನ ಟೈಲರಿಂಗ್ ಅಂಗಡಿಗೆ ಹೋಗಿದ್ದೆ. ಅವಳು ದಾರ ಕತ್ತರಿಸುತ್ತ, ತಲೆ ಎತ್ತದೆ ಕೇಳಿದಳು: "ಕಟ್ಟುಕಥೆ ಅಂತ ಯಾಕೋ ಬರೆದೆ?"

'ಕಿಟಕಿ' ಅಕ್ಕನೇ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮ ನಿದ್ದೆಯಲ್ಲೇ ಹೋದಳೆಂದು ಆರು ವರ್ಷ ನಂಬಿಕೊಂಡಿದ್ದೆ.

"ನನಗೆ ಹೇಳಬಹುದಿತ್ತಲ್ಲ ಅಕ್ಕ."

"ನಿಂಗೇ ಹೇಳಿದ್ದು ಕಣೋ. ಅಲ್ಲಿ ಎಲ್ಲ ಓದೋನು ನೀನೇ ಅಂತ ಗೊತ್ತಿತ್ತು. ಎದುರು ಕೂತು ಹೇಳೋಕೆ ಬಾಯಿ ಬರಲಿಲ್ಲ."

ಪ್ಯಾಂಟು ಮಡಿಸಿ ಕೊಟ್ಟಳು. ತೆಗೆದುಕೊಂಡು ಬಂದುಬಿಟ್ಟೆ.

ತೆಗೆದುಹಾಕಿದ ಬರಹ ನಿಯಮ ಕಾಯುವವನಾದ ನನಗೆ ಈಗಲೂ ಕಾಣುತ್ತದೆ. ಸಂಜೆಯಿಂದ ಎಷ್ಟು ಸಲ ಓದಿದೆನೋ. ಕೊನೆಯ ಸಾಲುಗಳನ್ನು ಅವತ್ತು ನೋಡಿಯೇ ಇರಲಿಲ್ಲ: 'ಔಷಧಿ ತರಲು ತಮ್ಮ ಹೋಗಿದ್ದ. ಅವನು ಬರುವಷ್ಟರಲ್ಲಿ ಮುಗಿಸಿಬಿಡು, ಅವನು ನೋಡುವುದು ಬೇಡ ಎಂದು ಅಮ್ಮನೇ ಹೇಳಿದ್ದಳು.'

ಆ ದಿನ ನಾನು ಔಷಧಿ ಅಂಗಡಿಯವನ ಜೊತೆ ಚುನಾವಣೆಯ ಬಗ್ಗೆ ವಾದ ಮಾಡುತ್ತ ಒಂದು ಗಂಟೆ ನಿಂತಿದ್ದೆ. ಅಷ್ಟು ಹೊತ್ತೂ ಆ ಕೋಣೆಯಲ್ಲಿ ಅಮ್ಮನ ಪಕ್ಕ ಅಕ್ಕ ಒಬ್ಬಳೇ ಕೂತಿದ್ದಳು.