ನಾದಿನಿಯ ಪಾತಿ

ಫೆಬ್ರವರಿ 5, ಭಾನುವಾರ

ಇವತ್ತೂ ಪೈಪಿಗೆ ಜಗಳ. ಪಾರ್ಕಿನ ಮೂಲೆಯಲ್ಲಿ ಒಂದೊಂದು ಪಾತಿ ಮಾಡಿಕೊಂಡ ನಮಗೆಲ್ಲ ಒಂದೇ ನಲ್ಲಿ, ಒಂದೇ ಪೈಪ್. ಡ್ರೈವರ್ ಕೈಗೆ ಸಿಕ್ಕರೆ ಸ್ಟೀರಿಂಗ್ ಹಿಡಿದ ಹಾಗೆ, ಬಿಡುವುದೇ ಇಲ್ಲ. ರಿಟೈರ್ ಆಗಿ ಎಷ್ಟು ಕಾಲವಾಯಿತು, ಇನ್ನೂ ಬಸ್ ಓಡಿಸುತ್ತಿದ್ದಾನೆ.

‘ಗಿಡಕ್ಕೆ ನೀರು ಹಾಕ್ತಿದೀಯೋ, ಈಜು ಕಲಿಸ್ತಿದೀಯೋ?’ ಎಂದೆ.

‘ಕತ್ತರಿಯಮ್ಮ, ನಿಮ್ಮ ನಾಲಿಗೆಗೆ ಸಾಣೆ ಹಿಡಿಯೋರ ಅಡ್ರೆಸ್ ಕೊಡಿ. ನಮ್ಮನೆ ಚಾಕು ಮೊಂಡಾಗಿದೆ.’

ಎಲ್ಲರೂ ನಕ್ಕರು. ಪೈಪ್ ಕೊಟ್ಟಿದ್ದರೆ ನಾನೂ ನಗುತ್ತಿದ್ದೆ.

ನನ್ನ ಪಾತಿ ಮುಗಿಸಿ ಬೇಲಿ ಕತ್ತರಿಸಿದೆ. ಹೊಲಿಗೆ ಅಂಗಡಿ ಮುಚ್ಚಿದರೂ ಕೈ ಮರೆತಿಲ್ಲ. ದಾರ ಎಳೆದು ಕಟ್ಟಿ, ದಾರದ ಮೇಲೆಯೇ ಕತ್ತರಿ ಓಡಿಸುತ್ತೇನೆ. ಗೆರೆ ಎಂದರೆ ಗೆರೆ.

ಪಕ್ಕದ ಪಾತಿ ನಾದಿನಿಯದು. ನೋಡಿದರೆ ಮೈ ಉರಿಯುತ್ತದೆ. ಸಾಲಿಗೊಂದು ಕಡ್ಡಿ ನೆಟ್ಟು ತುದಿಗೆ ಚಿಂದಿ ಕಟ್ಟಿದ್ದಾಳೆ. ನನ್ನ ಅಂಗಡಿಯ ಚಿಂದಿಯೇ. ಒಂದು ಚೀಲ ಕೇಳಿ ತೆಗೆದುಕೊಂಡು ಹೋಗಿದ್ದಳು. ದಿಂಬಿಗೆ ತುಂಬಲು ಎಂದುಕೊಂಡಿದ್ದೆ.

‘ಇದೇನೇ, ಪಾತಿನೋ, ಬಟ್ಟೆ ಒಣಗಿಸೋ ಜಾಗಾನೋ?’

‘ಇರ್ಲಿ ಬಿಡು ಅತ್ತಿಗೆ. ಹಕ್ಕಿ ಬರಲ್ಲ.’

ಹಕ್ಕಿ ಬರುವುದಿಲ್ಲ ನಿಜ. ಹಕ್ಕಿಗೂ ಒಂದು ಮರ್ಯಾದೆ ಇರುತ್ತದಲ್ಲ.

ನನ್ನ ಗಂಡನ ತಂಗಿ. ನನ್ನವನೂ ಹೋದ, ಅವಳವನೂ ಹೋದ. ಅವಳು ಮಗಳ ಮನೆಯಲ್ಲಿ, ನಾನು ಹಿಂದಿನ ಬೀದಿಯಲ್ಲಿ. ಭಾನುವಾರ ಒಟ್ಟಿಗೆ ಪಾರ್ಕಿಗೆ ಬರುತ್ತೇವೆ. ದಾರಿಯುದ್ದಕ್ಕೂ ನಾನು ಬೈಯುತ್ತೇನೆ, ಅವಳು ನಗುತ್ತಾಳೆ. ಈಚೆಗೆ ನನ್ನ ತೋಳು ಹಿಡಿದುಕೊಂಡೇ ನಡೆಯುತ್ತಾಳೆ. ಮಂಡಿ ನೋವಂತೆ.

ಫೆಬ್ರವರಿ 11, ಶನಿವಾರ, ಸಂಜೆ

ನಾಳೆ ಪಾರ್ಕಿನ ಸಾಹೇಬರು ಬರುತ್ತಾರೆ. ನಮ್ಮಂಥ ವಾಲಂಟಿಯರ್‌ಗಳಿಗೆ ಈ ಮೂಲೆ ಮುಂದುವರಿಸಿ ಕೊಡಬೇಕೋ ಬೇಡವೋ ನೋಡುವುದಕ್ಕೆ. ಕಂಪೌಂಡರ್‌ಗೆ ನಿದ್ದೆಯಿಲ್ಲ. ಕ್ಲಿನಿಕ್ಕಿನಲ್ಲಿ ಮಾತ್ರೆ ಕಟ್ಟಿಕೊಡುತ್ತಿದ್ದವರು, ಈಗ ನಮ್ಮ ಗುಂಪಿಗೆ ಮುಖ್ಯಸ್ಥರು. ‘ಎಲ್ಲ ಸ್ವಲ್ಪ ನೀಟಾಗಿರಲಿ ಅಮ್ಮ’ ಎಂದು ನನಗೊಬ್ಬಳಿಗೇ ಹತ್ತು ಸಲ ಹೇಳಿದರು.

ಸಂಜೆ ಒಬ್ಬಳೇ ಹೋದೆ. ಒಣಗಿದ ಎಲೆ ಗುಡಿಸಿದೆ. ಬೆಂಚ್ ಒರೆಸಿದೆ. ನಾದಿನಿಯ ಕಡ್ಡಿಗಳನ್ನು ಚಿಂದಿ ಸಮೇತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದೆ. ಈಗ ಪಾತಿ ಪಾತಿಯ ಹಾಗೆ ಕಾಣುತ್ತದೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ‘ಇರ್ಲಿ ಬಿಡು ಅತ್ತಿಗೆ’ ಎನ್ನುತ್ತಾಳೆ.

ಫೆಬ್ರವರಿ 12, ಭಾನುವಾರ

ತಲೆ ಇನ್ನೂ ಬಿಸಿಯಾಗಿದೆ.

ಸಾಹೇಬರು ಗೇಟಿನಲ್ಲಿ. ಕಂಪೌಂಡರ್ ಕೈಕಟ್ಟಿ ನಿಂತಿದ್ದರು. ಇತ್ತ ಇವಳು ಕಳೆ ಕೀಳುತ್ತ ಕೀಳುತ್ತ ತನ್ನ ಪಾತಿ ದಾಟಿ ಡ್ರೈವರ್ ಪಾತಿಗೆ ನುಗ್ಗಿದ್ದಾಳೆ. ಅವನು ಮಗುವಿನ ಹಾಗೆ ಸಾಕಿದ ಡೇರೆ ಹೂವಿನ ಸಸಿಗಳು. ಒಂದೊಂದಾಗಿ ಕಿತ್ತು ಹಿಂದಕ್ಕೆ ಎಸೆಯುತ್ತಿದ್ದಾಳೆ. ಕಳೆ ಹಾಗೇ ನಿಂತಿದೆ. ಡ್ರೈವರ್ ‘ಅಮ್ಮಾ, ಅಮ್ಮಾ’ ಎಂದು ಓಡಿಬಂದ. ಸಾಹೇಬರೂ ನೋಡಿದರು.

ನನಗೆ ಎಲ್ಲಿತ್ತೋ ಕೋಪ.

‘ಲೇ, ಕಣ್ಣೇನು ಮನೇಲಿ ಬಿಟ್ಟು ಬಂದಿದೀಯಾ? ಕಳೆ ಯಾವ್ದು ಗಿಡ ಯಾವ್ದು ಗೊತ್ತಾಗಲ್ವಾ? ಕತ್ತೆ ಬಿಟ್ಟಿದ್ರೂ ಇಷ್ಟು ಹಾಳು ಮಾಡ್ತಿರಲಿಲ್ಲ.’

ಕೈಯಲ್ಲಿದ್ದ ಸಸಿಯ ಎಲೆ ಸವರಿ ನೋಡಿದಳು. ಬಗ್ಗಿ ನೆಲವನ್ನೆಲ್ಲ ತಡಕಿದಳು. ಆಮೇಲೆ ಮೆತ್ತಗೆ, ‘ಅತ್ತಿಗೆ, ಇಲ್ಲಿ ಕಡ್ಡಿ ಇತ್ತಲ್ಲ’ ಎಂದಳು.

‘ಕಿತ್ತು ಬಿಸಾಕಿದೆ.’

ಸೆರಗಿಗೆ ಕೈ ಒರೆಸಿಕೊಂಡು ಹೊರಟಳು. ನನ್ನ ತೋಳು ಹಿಡಿಯಲಿಲ್ಲ. ಬೇಲಿ ಮುಟ್ಟಿಕೊಂಡು ಮುಟ್ಟಿಕೊಂಡು ಗೇಟಿನವರೆಗೆ ಹೋದಳು. ಹೋಗಲಿ.

ಮೂಲೆ ನಮಗೇ ಉಳಿಯಿತು. ಸಾಹೇಬರು ಬೇಲಿಯನ್ನು ಹೊಗಳಿದರು.

ಫೆಬ್ರವರಿ 19, ಭಾನುವಾರ

ಅವಳು ಬರಲಿಲ್ಲ. ಮುನಿಸು. ಮೂರು ದಿನಕ್ಕೆ ಇಳಿಯುವುದು ಈ ಸಲ ವಾರ ಹಿಡಿದಿದೆ. ಬಾಗಿಲಿಗೆ ಹೋಗಿ ಕರೆಯಲಿಲ್ಲ. ಯಾವತ್ತೂ ನಾನೇ ಏಕೆ?

ಅವಳ ಪಾತಿಗೆ ನೀರು ಹಾಕಿದೆ. ಡ್ರೈವರ್ ಕೇಳದೆಯೇ ಪೈಪ್ ಕೊಟ್ಟ. ಅದೂ ಸರಿ ಬರಲಿಲ್ಲ.

ಫೆಬ್ರವರಿ 21

ದಿನಸಿ ಅಂಗಡಿಯಲ್ಲಿ ನಾದಿನಿಯ ಮಗಳು ಸಿಕ್ಕಳು. ಪಕ್ಕಕ್ಕೆ ಕರೆದುಕೊಂಡು ಹೋದಳು.

‘ಅತ್ತೆ, ನಾನು ಹೇಳಿದೆ ಅಂತ ಗೊತ್ತಾಗಬಾರದು. ಅಮ್ಮಂಗೆ ಕಣ್ಣು ಹೋಗ್ತಾ ಇದೆ. ಎದುರಿಗೆ ಇರೋದು ಕಾಣಲ್ಲ, ಅಂಚಲ್ಲಿ ಒಂಚೂರು ಬೆಳಕು ಅಷ್ಟೇ. ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟರು.’

‘ಯಾವಾಗಿಂದ?’

‘ವರ್ಷದ ಮೇಲಾಯ್ತು. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದಾಳೆ. ಪಾರ್ಕಿಗೆ ಹೋಗೋದೊಂದೇ ಅತ್ತೆ ಅವಳಿಗೆ ಇದ್ದದ್ದು. ಈಗ ಎದ್ದು ಕೂರೋದೂ ಇಲ್ಲ. ನೀವೊಬ್ರು ಬಂದು ಮಾತಾಡ್ಸಿ.’

ಮಂಡಿ ನೋವು ಅಲ್ಲ.

ಬೇಳೆ ತೆಗೆದುಕೊಳ್ಳದೆ ಮನೆಗೆ ಬಂದೆ.

ಫೆಬ್ರವರಿ 22, ಬೆಳಿಗ್ಗೆ

ಗೊಬ್ಬರದ ಗುಂಡಿ ಕೆದಕಿ ಚಿಂದಿ ತೆಗೆದೆ. ಎಲ್ಲದಕ್ಕೂ ಗಂಟು. ಒಂದು ಗಂಟಿನದು ಕೆಲವು, ಎರಡು ಗಂಟಿನದು ಕೆಲವು. ದಪ್ಪ ಜೀನ್ಸ್ ಬಟ್ಟೆಯ ನಾಲ್ಕರಲ್ಲಿ ಗಂಟಿನ ಮೇಲೆ ಗಂಟು — ಅವು ಪಾತಿಯ ನಾಲ್ಕು ಮೂಲೆ ಇರಬೇಕು. ಇದು ಸಾಲು, ಇದು ಅಂಚು, ಇಲ್ಲಿಂದಾಚೆ ಬೇರೆಯವರದು... ಬೆರಳಲ್ಲಿ ಓದುತ್ತಿದ್ದಳು. ಬಟ್ಟೆ ಮುಟ್ಟಿ ಹೆಸರು ಹೇಳುವುದನ್ನು ಅವಳಿಗೆ ಕಲಿಸಿದ್ದು ನಾನೇ, ಹೊಲಿಗೆ ಅಂಗಡಿಗೆ ಗುಂಡಿ ಹಚ್ಚಲು ಬರುತ್ತಿದ್ದಾಗ.

ಅದನ್ನು ನೀಟಾಗಲಿ ಎಂದು ಕಿತ್ತೆ. ಆಮೇಲೆ ಎಲ್ಲರೆದುರು ಕಣ್ಣಿಲ್ಲವೇ ಎಂದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಿದ್ದಳು ನನ್ನಮ್ಮ. ನನ್ನನ್ನು ನೋಡಿಕೊಂಡೇ ಎನ್ನುತ್ತಿದ್ದಳು.

ಅವಳ ಮನೆ ಬಾಗಿಲವರೆಗೆ ಹೋಗಿ ವಾಪಸ್ ಬಂದೆ. ತಪ್ಪಾಯ್ತು ಎನ್ನುವುದು ನನ್ನ ಬಾಯಿಗೆ ಅಭ್ಯಾಸವಿಲ್ಲ.

ಫೆಬ್ರವರಿ 26, ಭಾನುವಾರ

ಬರೆಯಲು ಮನಸ್ಸಿಲ್ಲ. ಆದರೂ.

ಕಡ್ಡಿಗಳನ್ನು ಮತ್ತೆ ನೆಡಲು ಹೋಗಿದ್ದೆ. ಯಾವ ಗಂಟು ಯಾವ ಗಿಡಕ್ಕೆ, ತಿಳಿಯದೆ ಕೂತಿದ್ದೆ. ಡ್ರೈವರ್ ಹೊಸ ಡೇರೆ ಸಸಿ ತಂದಿದ್ದ. ತಮಾಷೆಯವನು, ಅವನಿಗೇನು ಗೊತ್ತು.

‘ಕತ್ತರಿಯಮ್ಮ, ನಿಮ್ಮ ನಾದಿನಿ ಬರೋ ದಿನ ಮೊದಲೇ ಹೇಳಿ. ಪಾತಿಗೆ ಬೀಗ ಹಾಕ್ಕೊಂಡು ಹೋಗ್ತೀನಿ.’

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು.

‘ಕಣ್ಣು ಕಾಣದೋಳನ್ನ ಆಡ್ಕೋತೀಯೇನೋ? ಅವಳಿಗೆ ವರ್ಷದಿಂದ ಕಣ್ಣಿಲ್ಲ. ನಿನಗೆ ಎರಡೂ ಇದ್ದು ಏನು ಕಡಿದಿದೀಯ?’

ಅಷ್ಟು ಹೇಳಿದ ಮೇಲೆ ಗೊತ್ತಾಯಿತು ಏನು ಹೇಳಿದೆ ಎಂದು. ಪೈಪಿನ ನೀರು ಸುಮ್ಮನೆ ಹರಿಯುತ್ತಿತ್ತು. ಆಮೇಲೆ ಶುರುವಾಯಿತು. ಅಯ್ಯೋ ಪಾಪ, ಅಯ್ಯೋ ಪಾಪ. ಡ್ರೈವರ್ ತಲೆ ತಗ್ಗಿಸಿ ಕೂತುಬಿಟ್ಟ. ಕಂಪೌಂಡರ್ ‘ನಾನೇ ಅವರ ಮನೆಗೆ ಹೋಗಿ ಕರ್ಕೊಂಡು ಬರ್ತೀನಿ’ ಎಂದರು.

ಬೇಡ ಎನ್ನಬೇಕಿತ್ತು. ನನಗೂ ಅವಳು ಬಂದರೆ ಸಾಕಾಗಿತ್ತು.

ಮಾರ್ಚ್ 5, ಭಾನುವಾರ

ಬಂದಳು. ಕಂಪೌಂಡರ್ ಒಂದು ಕಡೆ, ಅವರ ಹೆಂಡತಿ ಒಂದು ಕಡೆ. ನಡುವೆ ಇವಳು, ಒಳ್ಳೆ ಸೀರೆ ಉಟ್ಟು. ಮಣ್ಣಿನ ಕೆಲಸಕ್ಕೆ ಯಾರಾದರೂ ಒಳ್ಳೆ ಸೀರೆ ಉಡುತ್ತಾರೆಯೇ? ಆಗಲೇ ತಿಳಿಯಬೇಕಿತ್ತು.

ಪಾತಿಯ ಸುತ್ತ ಹಗ್ಗ ಕಟ್ಟಿದ್ದರು. ಕೂರುವುದಕ್ಕೆ ಕುರ್ಚಿ. ಎಲ್ಲರೂ ಜೋರಾಗಿ ಮಾತಾಡುತ್ತಿದ್ದರು, ಹೋದದ್ದು ಕಿವಿ ಎನ್ನುವ ಹಾಗೆ.

‘ಅಮ್ಮಾ, ಇಲ್ಲಿ ಕಲ್ಲಿದೆ.’ ‘ಅಮ್ಮಾ, ಇದು ನೀರು.’ ಡ್ರೈವರ್ ಅವಳ ಕೈ ಹಿಡಿದು ಗಿಡದ ಮೇಲಿಟ್ಟ. ‘ಇದು ಡೇರೆ ಅಮ್ಮಾ. ಎಷ್ಟು ಬೇಕಾದ್ರೂ ಕಿತ್ಕೊಳ್ಳಿ. ನಿಮ್ದೇ ಅನ್ಕೊಳ್ಳಿ.’

ಪೂರಾ ಒಳ್ಳೆಯ ಮನಸ್ಸಿನಿಂದ ಹೇಳಿದ. ಕಣ್ಣಲ್ಲಿ ನೀರಿತ್ತು ಅವನಿಗೆ.

ನಾದಿನಿ ನಕ್ಕಳು. ಥ್ಯಾಂಕ್ಸ್ ಎಂದಳು. ಕುರ್ಚಿಯಲ್ಲಿ ಕೈ ಮಡಿಲಲ್ಲಿಟ್ಟು ಕೂತಳು, ಮದುವೆಗೆ ಬಂದ ದೂರದ ನೆಂಟರ ಹಾಗೆ. ಮಣ್ಣು ಮುಟ್ಟಲಿಲ್ಲ. ಒಂದು ಸಲವೂ ಅತ್ತಿಗೆ ಎಂದು ಕರೆಯಲಿಲ್ಲ. ಬಿಸಿಲು ಬಂತು, ಹೋಗ್ತೀನಿ ಎಂದಳು. ಕರೆದುಕೊಂಡು ಹೋಗಲು ನಾಲ್ಕು ಜನ ಎದ್ದರು.

ಮಾರ್ಚ್ 7

ಹೋದೆ. ಮಂಚದ ಮೇಲಿದ್ದಳು. ಮಗಳು ಕೆಲಸಕ್ಕೆ ಹೋಗಿದ್ದಳು. ನಾನು ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲು ಆಗುವುದಿಲ್ಲ ಎಂದು.

‘ಅವತ್ತು ಬೈದೆ. ತಪ್ಪಾಯ್ತು.’

‘ಬೈದಿದ್ದು ಬಿಡು. ಮದುವೆಯಾಗಿ ಬಂದಾಗಿಂದ ಬೈತಿದೀಯ. ಎರಡು ವಾರ ಅತ್ತು ಮೂರನೇ ಭಾನುವಾರ ನಾನೇ ಬರ್ತಿದ್ದೆ. ಬೇರೆ ಕಡ್ಡಿ ನೆಡ್ತಿದ್ದೆ.’

‘ಮತ್ತೆ?’

‘ಹೇಳಿಬಿಟ್ಟೆಯಲ್ಲ ಅತ್ತಿಗೆ.’

ನಿನ್ನ ಪರವಾಗಿಯೇ ಹೇಳಿದ್ದು ಎಂದೆ. ಗೊತ್ತು ಎಂದಳು.

‘ಮನೇಲಿ ಲೋಟ ಎತ್ತೋಕೂ ಬಿಡಲ್ಲ. ಅದೊಂದು ಜಾಗದಲ್ಲಿ ನಾನು ಎಲ್ಲರ ಹಾಗೆ ಇದ್ದೆ. ಪೈಪಿಗೆ ಜಗಳ ಆಡ್ತಿದ್ದೆ. ಡ್ರೈವರ್ ನನ್ನನ್ನೂ ರೇಗಿಸ್ತಿದ್ದ. ಈಗ ಆ ಪಾಪದೋನು ತನ್ನ ಗಿಡ ಕಿತ್ಕೊಳ್ಳಿ ಅಂತಾನೆ.’

‘ನಾನು ಪಕ್ಕದಲ್ಲೇ ಕೂತು ಹೇಳ್ತೀನಿ, ಯಾವ್ದು ಏನು ಅಂತ. ನೀನು ಮಾಡು.’

‘ನೀನು ಹೇಳಿ ನಾನು ಮಾಡಿದ್ರೆ ಅದು ನಿನ್ನ ಪಾತಿ.’

ಉತ್ತರ ಕೊಡದೆ ನಾನು ಯಾರ ಮನೆಯಿಂದಲೂ ಎದ್ದು ಬಂದವಳಲ್ಲ; ಇವತ್ತು ಬಂದೆ.

ಏಪ್ರಿಲ್ 2, ಭಾನುವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಎರಡೂ ಪಾತಿಗೆ ನೀರು ಹಾಕಿದೆ, ಕಳೆ ಕಿತ್ತೆ. ಅವಳ ಸೇವಂತಿಗೆ ನನ್ನದಕ್ಕಿಂತ ಚೆನ್ನಾಗಿ ಬಂದಿದೆ.

ತಿಂಗಳು ಬರದಿದ್ದರೆ ಪಾತಿ ಬೇರೆಯವರಿಗೆ — ನಮ್ಮ ಗುಂಪಿನ ನಿಯಮ. ಕಂಪೌಂಡರ್ ಅದನ್ನು ಎತ್ತಲೇ ಇಲ್ಲ, ಪಾಪ. ಅವಳೇ ಮಗಳ ಕೈಲಿ ಹೇಳಿ ಕಳಿಸಿದಳು: ಕಾಯುತ್ತಿರುವವರಿಗೆ ಕೊಡಿ, ನನಗಾಗಿ ನಿಯಮ ಮುರಿಯಬೇಡಿ.

ಹೊಸದಾಗಿ ಮದುವೆಯಾದ ಗಂಡ ಹೆಂಡತಿ ಬಂದರು. ಹುಡುಗಿ ಗ್ಲೌಸ್ ಹಾಕಿಕೊಂಡಿದ್ದಳು. ‘ಈ ಸೇವಂತಿಗೆ ತೆಗೆದು ಬೇರೆ ಏನಾದ್ರೂ ಹಾಕ್ಬಹುದಾ ಆಂಟಿ?’ ಎಂದಳು.

ಹಾಕು ಎಂದೆ. ಬೇರೆ ಏನು ಹೇಳಲಿ. ಅವರು ಕೀಳುವುದನ್ನು ನೋಡಲಾರದೆ ಬೇಲಿಯ ಕಡೆ ಹೋದೆ. ಇವತ್ತು ದಾರ ಕಟ್ಟಲಿಲ್ಲ. ಹೇಗೋ ಕತ್ತರಿಸಿದೆ. ಸೊಟ್ಟ ಬಂತು.

ಏಪ್ರಿಲ್ 9, ಭಾನುವಾರ, ಮಧ್ಯಾಹ್ನ

ಪಾರ್ಕಿಗೆ ಹೋಗಲಿಲ್ಲ. ನಾದಿನಿಯ ಮನೆಗೆ ಹೋದೆ. ಈಗ ವಾರಕ್ಕೆ ಎರಡು ಸಲ ಹೋಗುತ್ತೇನೆ. ಬಾ ಎನ್ನುತ್ತಾಳೆ, ಕೂತ್ಕೋ ಎನ್ನುತ್ತಾಳೆ. ಮಾತಿಗೇನೂ ಕಡಿಮೆಯಿಲ್ಲ. ಆದರೂ ಸಪ್ಪೆ.

ಟೀ ತಾನೇ ಮಾಡುತ್ತೇನೆಂದು ಹಟ ಹಿಡಿದಳು. ಲೋಟಕ್ಕೆ ಬಗ್ಗಿಸುವಾಗ ಅರ್ಧ ಹೊರಗೆ. ನನ್ನ ಸೀರೆಯ ಮೇಲೂ ಬಿತ್ತು. ಸುಟ್ಟಿತು.

‘ಇರ್ಲಿ ಬಿಡು. ಪರವಾಗಿಲ್ಲ’ ಎಂದೆ. ನಾನೇ ಒರೆಸಿದೆ.

ಅವಳು ಪಾತ್ರೆ ಕೆಳಗಿಟ್ಟಳು. ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

‘ಮೊದಲಾಗಿದ್ರೆ ಏನಂತಿದ್ದೆ ಅತ್ತಿಗೆ?’

‘ಏನಂತಿದ್ದೆ. ಇದನ್ನೇ.’

‘ಸುಳ್ಳು. ಸೀರೆ ಮೇಲೆ ಟೀ ಚೆಲ್ಲಿದ್ರೆ ನನ್ನ ಏಳು ತಲೆಮಾರಿನ ಜಾತಕ ಬಿಡಿಸ್ತಿದ್ದೆ.’ ನಕ್ಕಳು. ಆಮೇಲೆ ನಗು ನಿಂತಿತು. ‘ಉಳಿದೋರು ಬಿಡು. ನೀನೊಬ್ಳಾದ್ರೂ ಮೊದಲಿನ ಹಾಗೆ ಬೈತೀಯ ಅಂದ್ಕೊಂಡಿದ್ದೆ. ಎಲ್ಲಿ, ಒಂದು ಸಲ ಬಯ್ಯಿ ನೋಡೋಣ.’

ಅದೇನು ದೊಡ್ಡ ಮಾತು ನನಗೆ? ಗಿರಾಕಿಗಳನ್ನು ಬೈದಿದ್ದೇನೆ. ಗಂಡನನ್ನು ಬೈದಿದ್ದೇನೆ, ಸಾಯುವ ಹಿಂದಿನ ದಿನವೂ. ಸೊಂಟಕ್ಕೆ ಕೈ ಕೊಟ್ಟು ನಿಂತೆ. ಅವಳು ಕಾಯುತ್ತಿದ್ದಳು, ಮುಖವನ್ನು ಸ್ವಲ್ಪ ಮೇಲೆತ್ತಿ.

‘ಲೇ, ದರಿದ್ರದವಳೇ’ ಎಂದೆ.

ಅಷ್ಟು ಬಂತು. ಮುಂದಿನದು ಬರಲಿಲ್ಲ. ಒರೆಸಿದ ಜಾಗವನ್ನೇ ಮತ್ತೆ ಒರೆಸಿದೆ; ಅವಳು ಮುಖ ಮೇಲೆತ್ತಿ ಇನ್ನೂ ಕಾಯುತ್ತಿದ್ದಳು.