ಇಳಿಬಿಟ್ಟ ಪಂಚೆ

ನೆಡುಮುಡಿ
ತುಲಾ ಮಾಸ, ಗುರುವಾರ

ಪ್ರೀತಿಯ ವಿಲಾಸಿನಿ ಚೇಚಿಗೆ ತಂಗಿ ಓಮನಳ ನಮಸ್ಕಾರ.

ನಾನು ನರ್ಸಮ್ಮನ ಜೊತೆ ಜಗಳವಾಡಿದ ಕಥೆಯನ್ನು ಹೋದ ವಾರ ನಿನಗೆ ಮೊದಲು ಹೇಳಿದವನು ದೋಣಿಯ ತಂಕಚ್ಚನ್ ಅಂತೆ. ಅವನು ದಡದಲ್ಲಿ ಕೇಳಿದ್ದು ಅರ್ಧ. ಉಳಿದರ್ಧ ನನ್ನಿಂದ ಕೇಳು.

ಹಾಸಿಗೆ ಹಿಡಿದ ಅತ್ತೆಯ ಬೆನ್ನಿನ ಹುಣ್ಣಿಗೆ ಪಟ್ಟಿ ಕಟ್ಟಲು ಪ್ರತಿ ಮಂಗಳವಾರ ಸಿಸ್ಟರ್ ಬ್ರಿಜಿತ ಬರುತ್ತಾಳಲ್ಲ, ಅವಳು ಬರತೊಡಗಿದ ಮೇಲೆ ನಮ್ಮ ಮನೆಯವರು ಬದಲಾದರು. ಬಾತುಕೋಳಿಗಳನ್ನು ಕರೆದರೆ ಕಾಲುವೆಯ ಆಚೆ ದಡದವರೂ ತಿರುಗಿ ನೋಡುವಂಥ ಗಂಟಲು ಅವರದು. ಅಂಥವರು ಅವಳೊಡನೆ ಪಿಸುಮಾತು. ಹಿಮ್ಮಡಿಯಿಂದ ಪಂಚೆಯ ಅಂಚು ಚಿಮ್ಮಿಸಿ, ಒಂದೇ ಏಟಿಗೆ ಮೊಣಕಾಲ ಮೇಲೆ ಎತ್ತಿ ಕಟ್ಟಿ ಕೆಸರಿಗಿಳಿಯುತ್ತಿದ್ದವರು ಪಂಚೆ ಇಳಿಬಿಟ್ಟು ಮದುಮಗನ ಹಾಗೆ ಮೆಲ್ಲಗೆ ನಡೆಯತೊಡಗಿದರು. ಮೀನುಸಾರು ತಳ ಹಿಡಿದರೂ ಮೂಗು ಮುರಿಯುತ್ತಿರಲಿಲ್ಲ. ಅವಳು ಬಾರದ ದಿನವೂ ಹಾಗೆಯೇ. ಅಭ್ಯಾಸ ಮಾಡಿಕೊಳ್ಳುತ್ತಿದ್ದಾರೆ ಎಂದುಕೊಂಡೆ.

ಒಂದು ಮಂಗಳವಾರ ಅವಳು ದೋಣಿ ಇಳಿಯುವಾಗಲೇ ಅಡ್ಡ ನಿಂತೆ. "ಸಿಸ್ಟರೇ, ನೀವು ಬರೋದು ನಮ್ಮತ್ತೆಗೋ, ಅತ್ತೆ ಮಗನಿಗೋ?" ಎಂದು ಕೇಳಿ, ದನಿ, ಪಂಚೆ, ಮೂಗು ಎಲ್ಲವನ್ನೂ ಕಕ್ಕಿದೆ. ದೋಣಿಯವರೆಲ್ಲ ನಕ್ಕರು. ಅವಳು ನಗಲಿಲ್ಲ, ಸಿಟ್ಟಾಗಲೂ ಇಲ್ಲ.

"ಇನ್ನೇನ್ ಬದಲಾಗಿದೆ ಓಮನಚೇಚಿ? ಒಂದೂ ಬಿಡದೆ ಹೇಳಿ" ಅಂದಳು.

ನನಗೆ ಮೈಯೆಲ್ಲ ಉರಿಯಿತು. "ನಡೆಯೋವಾಗ ಬಲಗೈ ಬೀಸೋದೂ ಇಲ್ಲ. ನಿಮ್ಮ ಚೀಲ ಹೊತ್ಕೊಂಡಿರೋ ಹಾಗೆ ಇಟ್ಕೊಂಡಿರ್ತಾರೆ, ಸಾಕಾ?" ಅಂದೆ.

ತಂಕಚ್ಚನ್ ಕೇಳಿದ್ದು ಅಷ್ಟೇ. ಆಮೇಲೆ ಅವಳು ಅಂಗಳಕ್ಕೆ ಬಂದು ನಮ್ಮ ಮನೆಯವರನ್ನು ತೆಂಗಿನ ಮರದವರೆಗೆ ನಡೆಸಿ ನೋಡಿದಳು. ಬೆರಳು ಮಡಚಿ ಬಿಡಿಸಲು ಹೇಳಿದಳು. ಬಲಗೈ ಬೆರಳುಗಳು ನಡುವೆಯೇ ಸೋತವು. ಇದು ಮೈಯನ್ನು ನಿಧಾನ ಮಾಡುವ, ದನಿ ತಗ್ಗಿಸುವ, ಮೂಗಿಗೆ ವಾಸನೆ ತಿಳಿಯದಂತೆ ಮಾಡುವ ಮಿದುಳಿನ ಕಾಯಿಲೆ ಇರಬಹುದು, ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಬರೆದುಕೊಟ್ಟಳು. ಆಲಪ್ಪುಳದ ಡಾಕ್ಟರು ಪಾರ್ಕಿನ್ಸನ್ ಎಂದೇ ಹೇಳಿ ಮಾತ್ರೆ ಕೊಟ್ಟರು.

ಬರುವಾಗ ದೋಣಿಯಲ್ಲಿ ಇವರು ನನ್ನ ಕಡೆ ನೋಡದೆ, "ಪಂಚೆ ಕಟ್ಟೋಕೆ ಕೈ ಬರ್ತಿರ್ಲಿಲ್ಲ ಕಣೇ. ನೀನ್ ನಗ್ತೀಯಾ ಅಂತ ಹೇಳ್ಲಿಲ್ಲ" ಅಂದರು.

ಹೊಟ್ಟೆಕಿಚ್ಚು ಹೋಯಿತು ಎಂದುಕೊಳ್ಳಬೇಡ, ಚೇಚಿ. ಹಗಲಿಡೀ ಕಾವಲು ಕಾದವಳು ನಾನು. ನನಗೆ ಸವತಿ ಕಂಡಳು, ಅವಳಿಗೆ ಕಾಯಿಲೆ ಕಂಡಿತು. ಈಗ ಊರೆಲ್ಲ ಸಿಸ್ಟರ್ ಸಿಸ್ಟರ್ ಎನ್ನುತ್ತದೆ. ಅವಳೋ, ಮಾತ್ರೆ ಹಿಡಿಯುತ್ತಿದೆಯೇ ಎಂದು ನೋಡುತ್ತಿರಬೇಕು, ಕಂಡದ್ದನ್ನೆಲ್ಲ ಮಂಗಳವಾರ ತನಗೆ ಹೇಳಬೇಕು ಎಂದು ನನಗೇ ಕೆಲಸ ಹಚ್ಚಿದ್ದಾಳೆ.

ನಿನ್ನ ತಂಗಿ,
ಓಮನ

ಕಾಗದ ಅಂಚೆಗೆ ಹಾಕುವ ಮೊದಲು ಇದಿಷ್ಟು. ಇವತ್ತು ಶುಕ್ರವಾರ ಬೆಳಿಗ್ಗೆ ಬಾತುಕೋಳಿ ಬಿಡಲು ಹೊರಟವರು ಹಿಮ್ಮಡಿಯಿಂದ ಪಂಚೆ ಚಿಮ್ಮಿಸಿದರು. ಮೊದಲು ಜಾರಿತು. ಮತ್ತೆ ಚಿಮ್ಮಿಸಿ ಎತ್ತಿ ಕಟ್ಟಿದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಸಿಸ್ಟರಿಗೆ ಖಂಡಿತ ಹೇಳುತ್ತೇನೆ, ಮಂಗಳವಾರ. ಅಲ್ಲಿಯವರೆಗೆ ಅದು ನಾನೊಬ್ಬಳೇ ಕಂಡದ್ದು.